ಹಿತ್ತಲಿನ ಟ್ರ್ಯಾಂಪೊಲಿನ್: ಕೊಳ್ಳುವ ಮುನ್ನ ಹುಬ್ಬಳ್ಳಿ-ಧಾರವಾಡದ ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್ ಎರಡನೆಯ ವಾರ ಬೇಸಿಗೆ ಸೂಟಿ ಬಿದ್ದಿತೆಂದರೆ ಬೆಂಗಳೂರು, ಪುಣೆಗಳಲ್ಲಿ ನೆಲೆಸಿದ ಮಕ್ಕಳು ಮೊಮ್ಮಕ್ಕಳೊಂದಿಗೆ ಊರಿಗೆ ಬರುತ್ತಾರೆ. ಸಾಧನಕೇರಿ, ಮಾಳಮಡ್ಡಿ, ಕೇಶ್ವಾಪುರಗಳ ಹಳೆಯ ಮನೆಗಳ ಹಿತ್ತಲು ಒಂದೂವರೆ ತಿಂಗಳು ಆಟದ ಬಯಲಾಗುತ್ತದೆ. ಜಾತ್ರೆಯಲ್ಲೋ ಮಾಲಿನಲ್ಲೋ ಟ್ರ್ಯಾಂಪೊಲಿನ್ ಮೇಲೆ, ಅಂದರೆ ಕಬ್ಬಿಣದ ಚೌಕಟ್ಟಿಗೆ ಸ್ಪ್ರಿಂಗುಗಳಿಂದ ಬಿಗಿದ ಪುಟಿಯುವ ಹಾಸಿನ ಮೇಲೆ, ಹತ್ತು ನಿಮಿಷ ಜಿಗಿದು ಬಂದ ಮಗು ‘ನಮ್ಮ ಹಿತ್ತಲಿಗೂ ಒಂದು ಬೇಕು’ ಎಂದು ಹಟ ಹಿಡಿದಾಗ ಹಿರಿಯರ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಾನು ವ್ಯಾಪಾರಿಯಲ್ಲ. ಧಾರವಾಡದ ನಮ್ಮ ಹಿತ್ತಲಿಗೆ ಒಮ್ಮೆ ತಪ್ಪಾಗಿ, ಇನ್ನೊಮ್ಮೆ ತಕ್ಕಮಟ್ಟಿಗೆ ಸರಿಯಾಗಿ ಟ್ರ್ಯಾಂಪೊಲಿನ್ ಕೊಂಡ ಪಾಲಕ.

ಮನೆಯಲ್ಲಿ ಟ್ರ್ಯಾಂಪೊಲಿನ್ ಇಡುವುದು ನಿಜವಾಗಿಯೂ ಸುರಕ್ಷಿತವೇ?

ಪೂರ್ತಿ ಸುರಕ್ಷಿತವಾದ ಟ್ರ್ಯಾಂಪೊಲಿನ್ ಇಲ್ಲ. ಹೆಚ್ಚು ಅಪಾಯದ್ದು ಮತ್ತು ಕಡಿಮೆ ಅಪಾಯದ್ದು ಎಂಬ ವ್ಯತ್ಯಾಸವಷ್ಟೇ ಇದೆ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಎಂಬ ಮಕ್ಕಳ ವೈದ್ಯರ ಸಂಸ್ಥೆಯು 2012ರಲ್ಲಿ ಹೊರಡಿಸಿದ ಹೇಳಿಕೆಯಲ್ಲಿ, ಮನೆಯಲ್ಲಿ ಮನರಂಜನೆಗಾಗಿ ಟ್ರ್ಯಾಂಪೊಲಿನ್ ಬಳಸುವುದನ್ನು ಪ್ರೋತ್ಸಾಹಿಸಬಾರದೆಂದು ಸ್ಪಷ್ಟವಾಗಿ ಹೇಳಿದೆ. ಈ ಸಾಧನ ಹುಟ್ಟಿದ್ದು ಹಿತ್ತಲಿಗಾಗಿ ಅಲ್ಲ ಎಂಬುದನ್ನೂ ನೆನಪಿಡಬೇಕು. 1930ರ ದಶಕದಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ನಿಸ್ಸೆನ್ ಮತ್ತು ಲ್ಯಾರಿ ಗ್ರಿಸ್‌ವೋಲ್ಡ್ ಇದನ್ನು ಜಿಮ್ನಾಸ್ಟಿಕ್ಸ್ ಅಭ್ಯಾಸಕ್ಕೆಂದು ಕಟ್ಟಿದರು. 2000ದ ಸಿಡ್ನಿ ಒಲಿಂಪಿಕ್ಸ್‌ನಿಂದ ಇದು ಒಲಿಂಪಿಕ್ ಸ್ಪರ್ಧೆಯೂ ಆಯಿತು. ಅಲ್ಲಿ ತರಬೇತುದಾರರಿರುತ್ತಾರೆ, ಸುತ್ತಲೂ ಮೆತ್ತೆಗಳಿರುತ್ತವೆ. ನಮ್ಮ ಹಿತ್ತಲಿನಲ್ಲಿ ಇರುವುದು ಒಗೆಯುವ ಕಲ್ಲು, ತುಳಸಿಕಟ್ಟೆ ಮತ್ತು ಶಹಾಬಾದ್ ಫರ್ಸಿ.

ಇಷ್ಟನ್ನು ತಿಳಿದ ಮೇಲೂ ಕೊಳ್ಳುವುದೆಂದು ನಿರ್ಧರಿಸಿದವರಿಗಾಗಿ ಮುಂದಿನ ಉತ್ತರಗಳಿವೆ. ಓದಿ ಮುಗಿಸುವಷ್ಟರಲ್ಲಿ ಬೇಡವೆನಿಸಿದರೆ ಅದೂ ಒಳ್ಳೆಯ ನಿರ್ಧಾರವೇ.

ನಮ್ಮ ಹಿತ್ತಲಿನಲ್ಲಿ ಜಾಗ ಸಾಲುತ್ತದೆಯೇ? ಹೇಗೆ ಅಳೆಯಬೇಕು?

ಅಂಗಡಿಗೆ ಹೋಗುವ ಮೊದಲು ಟೇಪು ಹಿಡಿದು ಹಿತ್ತಲಿಗೆ ಹೋಗಿ. ಟ್ರ್ಯಾಂಪೊಲಿನ್‌ನ ಅಂಚಿನಿಂದ ನಾಲ್ಕೂ ಕಡೆಗೆ ಕನಿಷ್ಠ 2 ಮೀಟರ್, ಅಂದರೆ ಸುಮಾರು ಆರೂವರೆ ಅಡಿ, ಏನೂ ಇಲ್ಲದ ಬಯಲು ಬೇಕು. ಆದ್ದರಿಂದ 8 ಅಡಿ ವ್ಯಾಸದ ಟ್ರ್ಯಾಂಪೊಲಿನ್‌ಗೆ 21 ಅಡಿ ಉದ್ದ, 21 ಅಡಿ ಅಗಲದ ಜಾಗ ಬೇಕಾಗುತ್ತದೆ. 10 ಅಡಿಯದಕ್ಕೆ 23 ಅಡಿ. ಮೂವತ್ತು-ನಲವತ್ತರ ಸೈಟಿನಲ್ಲಿ ಮನೆ ಕಟ್ಟಿದವರಿಗೆ ಇಷ್ಟು ಜಾಗ ಉಳಿಯುವುದಿಲ್ಲ ಎಂಬುದು ಸರಳ ಲೆಕ್ಕ, ಮತ್ತು ನಾನು ಮಾತಾಡಿಸಿದ ಬಹುಪಾಲು ಮನೆಯವರ ಪ್ರಶ್ನೆ ಇಲ್ಲಿಗೇ ಮುಗಿದಿದೆ.

ಜಾಗವಿದ್ದವರು ಮೇಲಕ್ಕೂ ನೋಡಬೇಕು. ಕಂಬದಿಂದ ಮನೆಗೆ ಎಳೆದ ವಿದ್ಯುತ್ ತಂತಿಯ ಕೆಳಗೆ, ತೆಂಗಿನ ಮರದ ಬುಡದಲ್ಲಿ, ಮಾವಿನ ತಗ್ಗಿದ ಕೊಂಬೆಯ ಅಡಿಯಲ್ಲಿ ಯಾವ ಕಾರಣಕ್ಕೂ ಇಡಬಾರದು; ನೆತ್ತಿಯ ಮೇಲೆ 7 ಮೀಟರಿನಷ್ಟು ತೆರವು ಇರಬೇಕೆಂಬುದು ರೂಢಿಯಲ್ಲಿರುವ ಸಲಹೆ. ಗಾಜಿನ ಚೂರು ನೆಟ್ಟ ಕಾಂಪೌಂಡ್ ಗೋಡೆ, ಬಟ್ಟೆ ಒಣಗಿಸುವ ತಂತಿ, ಬಾವಿಯ ಕಟ್ಟೆ ಇವೆಲ್ಲ ಆ ಆರೂವರೆ ಅಡಿಯ ಹೊರಗೇ ಇರಬೇಕು. ನೀರಿನ ಸಂಪಿನ ಮುಚ್ಚಳದ ಮೇಲೆ ಕಾಲು ಊರುವಂತೆ ಕೂರಿಸಿದ ಒಂದು ಮನೆಯನ್ನು ನಾನೇ ನೋಡಿದ್ದೇನೆ. ಅದು ನೆಲವೆಂದೇ ಆ ಮನೆಯವರು ಭಾವಿಸಿದ್ದರು.

ನೆಲ ಸಮತಟ್ಟಾಗಿರಬೇಕು. ಫರ್ಸಿ ಅಥವಾ ಕಾಂಕ್ರೀಟಿನ ಮೇಲಿಡುವುದಕ್ಕಿಂತ ಹುಲ್ಲು ಅಥವಾ ಮರಳು ಹರಡಿದ ಮಣ್ಣಿನ ಮೇಲಿಡುವುದು ಮೇಲು, ಏಕೆಂದರೆ ಹೊರಗೆ ಬಿದ್ದ ಮಗು ಬೀಳುವುದು ಅಲ್ಲಿಯೇ.

ಹಿತ್ತಲಿಲ್ಲ, ಮಾಳಿಗೆಯ ಮೇಲೆ ಇಡಬಹುದೇ?

ಇಡಬಾರದು. ಪ್ಯಾರಾಪೆಟ್ ಗೋಡೆ ನಿಂತ ಮಗುವಿನ ಎದೆಮಟ್ಟಕ್ಕೆ ಬರಬಹುದು, ಆದರೆ ಟ್ರ್ಯಾಂಪೊಲಿನ್ ಮೇಲೆ ಜಿಗಿದ ಮಗುವಿನ ಕಾಲೇ ಆ ಗೋಡೆಗಿಂತ ಮೇಲಿರುತ್ತದೆ.

ಎಷ್ಟು ದೊಡ್ಡದನ್ನು ಕೊಳ್ಳಬೇಕು?

ಸಣ್ಣದನ್ನೇ ಕೊಳ್ಳಿ. ದೊಡ್ಡದಾದಷ್ಟೂ ಒಟ್ಟಿಗೆ ನಾಲ್ವರು ಹತ್ತುವ ಆಸೆ ಹೆಚ್ಚುತ್ತದೆ, ಪುಟಿಯುವ ಎತ್ತರವೂ ಹೆಚ್ಚುತ್ತದೆ. ನನ್ನ ಅಭಿಪ್ರಾಯದಲ್ಲಿ ಆರರಿಂದ ಹನ್ನೆರಡು ವರ್ಷದ ಮಕ್ಕಳಿರುವ ಮನೆಗೆ 8 ಅಡಿಯದು ಸಾಕು; ಮಿಕ್ಕ ಹಣವನ್ನು ಮಗು ಹೊರಗೆ ಬೀಳದಂತೆ ಸುತ್ತಲೂ ಕಟ್ಟುವ ಗಟ್ಟಿಯಾದ ಬಲೆಗೆ ಮತ್ತು ಸ್ಪ್ರಿಂಗು ಮುಚ್ಚುವ ದಪ್ಪ ಮೆತ್ತೆಗೆ ಹಾಕಬೇಕು. ತಯಾರಕರು ಬರೆದ ಗರಿಷ್ಠ ಭಾರವನ್ನು ಮನೆಯ ಅತಿ ಭಾರದ ಮಗುವಿನ ತೂಕದೊಂದಿಗೆ ಹೋಲಿಸಿ ನೋಡಿ. ಆ ಅಂಕಿ ಒಬ್ಬರಿಗೆ ಸಂಬಂಧಿಸಿದ್ದೇ ಹೊರತು ನಾಲ್ವರು ಮಕ್ಕಳ ತೂಕ ಕೂಡಿಸಿ ಹತ್ತಿಸಲು ಕೊಟ್ಟ ಅನುಮತಿಯಲ್ಲ.

ಅಂಗಡಿಯಲ್ಲಿ ಯಾವುದನ್ನು ಮುಟ್ಟಿ ನೋಡಬೇಕು?

ನೋಡುವುದಕ್ಕಿಂತ ಮುಟ್ಟುವುದೇ ಮುಖ್ಯ ಎಂಬ ನಿಮ್ಮ ಪ್ರಶ್ನೆಯ ಧಾಟಿ ಸರಿಯಾಗಿದೆ. ಮೊದಲು ಸ್ಪ್ರಿಂಗುಗಳ ಮೇಲೆ ಹೊದಿಸುವ ಮೆತ್ತೆಯನ್ನು ಹೆಬ್ಬೆರಳಿನಿಂದ ಒತ್ತಿರಿ. ಒಳಗಿನ ಕಬ್ಬಿಣ ಬೆರಳಿಗೆ ತಾಗಿದರೆ ನಾಳೆ ಮಗುವಿನ ಮೊಣಕಾಲಿಗೂ ತಾಗುತ್ತದೆ. ಈ ಮೆತ್ತೆಯು ಸ್ಪ್ರಿಂಗುಗಳನ್ನಷ್ಟೇ ಅಲ್ಲದೆ ಹೊರಗಿನ ಕಬ್ಬಿಣದ ಚೌಕಟ್ಟನ್ನೂ ಪೂರ್ತಿ ಮುಚ್ಚಬೇಕು, ಮತ್ತು ಕಾಲು ಜಾರಿದಾಗ ಪಕ್ಕಕ್ಕೆ ಸರಿಯದಂತೆ ಕೆಳಗಿನಿಂದ ಕಟ್ಟಲು ಪಟ್ಟಿಗಳಿರಬೇಕು. ಮೇಲೆ ಹೇಳಿದ ಮಕ್ಕಳ ವೈದ್ಯರ ಸಂಸ್ಥೆಯ ಹೇಳಿಕೆಯ ಪ್ರಕಾರ ಟ್ರ್ಯಾಂಪೊಲಿನ್ ಗಾಯಗಳಲ್ಲಿ ಸುಮಾರು ಐದನೆಯ ಒಂದು ಭಾಗ ಸ್ಪ್ರಿಂಗು ಮತ್ತು ಚೌಕಟ್ಟಿಗೆ ತಗುಲಿ ಆಗುವಂಥವು. ಮೆತ್ತೆಯ ವಿಷಯದಲ್ಲಿ ನಾನು ಇಷ್ಟು ಹೇಳಲು ಅದೇ ಕಾರಣ.

ಆಮೇಲೆ ಬಲೆ. ಬಲೆಯು ಸ್ಪ್ರಿಂಗುಗಳ ಒಳಬದಿಗೆ, ಅಂದರೆ ಜಿಗಿಯುವ ಹಾಸಿನ ಅಂಚಿಗೆ ಹೊಂದಿಕೊಂಡು ನಿಲ್ಲುವ ಮಾದರಿ ಉತ್ತಮ. ಹೊರಬದಿಗೆ ಕಟ್ಟುವ ಮಾದರಿಯಲ್ಲಿ ಮಗು ಬಲೆಗೆ ತಾಗುವ ಮೊದಲೇ ಸ್ಪ್ರಿಂಗುಗಳ ಮೇಲೆ ಬಿದ್ದಿರುತ್ತದೆ. ಬಲೆಯ ಕೆಳ ಅಂಚಿಗೂ ಹಾಸಿಗೂ ನಡುವೆ ಮಗುವಿನ ಕಾಲು ತೂರುವಷ್ಟು ಸಂದು ಇರಬಾರದು. ಬಾಗಿಲಿಗೆ ಜಿಪ್ ಒಂದೇ ಸಾಲದು, ಕೊಂಡಿಗಳೂ ಬೇಕು, ಏಕೆಂದರೆ ಜಿಪ್ಪನ್ನು ಅರ್ಧ ಎಳೆದು ಬಿಡುವುದು ಎಲ್ಲ ಮಕ್ಕಳ ಸ್ವಭಾವ. ಬಲೆ ಹಿಡಿದು ನಿಲ್ಲುವ ಕಂಬಗಳಿಗೆ ಮೇಲಿನ ತುದಿಯವರೆಗೂ ಮೆತ್ತನೆಯ ತೋಳು ತೊಡಿಸಿರಬೇಕು, ಕಂಬಗಳು ಹೊರಕ್ಕೆ ಬಾಗಿದ್ದರೆ ಇನ್ನೂ ಒಳ್ಳೆಯದು.

ಚೌಕಟ್ಟಿನ ಪೈಪು ಸತುವಿನ ಲೇಪದ್ದಾಗಿರಲಿ. ಬೆಸುಗೆ ಹಾಕಿದ ಜಾಗದಲ್ಲಿ ಕಂದು ಕಲೆ ಕಂಡರೆ ಅದು ಈಗಾಗಲೇ ತುಕ್ಕು ಹಿಡಿಯಲು ಆರಂಭಿಸಿದೆ ಎಂದರ್ಥ. ಜಿಗಿಯುವ ಹಾಸಿನ ಅಂಚಿನಲ್ಲಿ ಕೊಕ್ಕೆ ಸಿಕ್ಕಿಸುವ ಉಂಗುರಗಳನ್ನು ಒಂದೊಂದಾಗಿ ಜಗ್ಗಿ ನೋಡಿ, ಹೊಲಿಗೆ ಸಡಿಲವಿದ್ದರೆ ಬೆರಳಿಗೇ ತಿಳಿಯುತ್ತದೆ.

ಸ್ಪ್ರಿಂಗು ಇಲ್ಲದ ಮಾದರಿಗಳು ಹೆಚ್ಚು ಸುರಕ್ಷಿತವೇ?

ಒಂದು ಬಗೆಯ ಅಪಾಯ ಅವುಗಳಲ್ಲಿ ಕಡಿಮೆ. ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ಎಂಜಿನಿಯರ್ ಕೀತ್ ಅಲೆಕ್ಸಾಂಡರ್ ರೂಪಿಸಿದ ಮಾದರಿಯಲ್ಲಿ ಸ್ಪ್ರಿಂಗುಗಳ ಬದಲಿಗೆ ಬಾಗುವ ಫೈಬರ್ ಕಡ್ಡಿಗಳಿದ್ದು, ಗಟ್ಟಿ ಚೌಕಟ್ಟು ಜಿಗಿಯುವ ಮಟ್ಟಕ್ಕಿಂತ ಕೆಳಗೆ ಉಳಿಯುತ್ತದೆ. ಕಾಲು ಸಿಕ್ಕಿಕೊಳ್ಳುವ, ಕಬ್ಬಿಣಕ್ಕೆ ಬಡಿಯುವ ಸಂಭವ ಇದರಿಂದ ತಗ್ಗುತ್ತದೆ. ಬೆಲೆ ಮಾತ್ರ ಬಹಳ ಹೆಚ್ಚು. ಆದರೆ ಇಬ್ಬರು ಮಕ್ಕಳ ತಲೆ ಒಂದಕ್ಕೊಂದು ಬಡಿಯುವುದನ್ನು ಯಾವ ಕಡ್ಡಿಯೂ ತಪ್ಪಿಸುವುದಿಲ್ಲ. ಎಲಾಸ್ಟಿಕ್ ಹಗ್ಗದ ಮಾದರಿಗಳು ನಮ್ಮ ಬಿಸಿಲಿಗೆ ಬೇಗ ಸಡಿಲಗೊಳ್ಳುತ್ತವೆ. ಅವು ಮನೆಯೊಳಗಿನ ಬಳಕೆಗೆ ಸರಿ.

ಯಾವ ಗುರುತು, ಯಾವ ಮಾನದಂಡ ನೋಡಬೇಕು?

ಭಾರತದಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಐಎಸ್‌ಐ ಗುರುತು ಕಡ್ಡಾಯವಾಗಿದೆ. ಆದ್ದರಿಂದ ಮಕ್ಕಳ ಆಟದ ಸಾಮಾನೆಂದು ಮಾರುವ ಟ್ರ್ಯಾಂಪೊಲಿನ್ ಮೇಲೂ ಆ ಗುರುತನ್ನು ಕೇಳಿ, ಅದರೊಂದಿಗಿರುವ ಪರವಾನಗಿ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ಪರಿಶೀಲಿಸಿ. ಹೊರದೇಶದಿಂದ ಬಂದವುಗಳ ಪೆಟ್ಟಿಗೆಯ ಮೇಲೆ ಯುರೋಪಿನ ಇಎನ್ 71-14, ಅಮೆರಿಕದ ಎಎಸ್‌ಟಿಎಂ ಎಫ್ 381, ಆಸ್ಟ್ರೇಲಿಯಾದ ಎಎಸ್ 4989 ಎಂಬ ಸಂಖ್ಯೆಗಳಲ್ಲಿ ಒಂದಾದರೂ ಇರಬೇಕು. ಇವು ಮನೆಬಳಕೆಯ ಟ್ರ್ಯಾಂಪೊಲಿನ್‌ಗೆಂದೇ ಇರುವ ಮಾನದಂಡಗಳು. ಬಿಲ್ಲು ಪಡೆಯಿರಿ. ಬಿಲ್ಲಿಲ್ಲದಿದ್ದರೆ ಮುಂದೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೂ ತೋರಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಬಳಸಿದ್ದನ್ನು ಕಡಿಮೆ ಬೆಲೆಗೆ ಕೊಳ್ಳಬಹುದೇ?

ನಾನು ತಪ್ಪಾಗಿ ಕೊಂಡದ್ದು ಇದನ್ನೇ. ವರ್ಗವಾಗಿ ಹೊರಟ ಪರಿಚಿತರೊಬ್ಬರಿಂದ ನಾಲ್ಕು ವರ್ಷ ಹಳೆಯದಾದ 10 ಅಡಿಯ ಟ್ರ್ಯಾಂಪೊಲಿನ್ ಮನೆಗೆ ತಂದೆವು. ದೂರದಿಂದ ಬಲೆ ಕಪ್ಪಗೆ, ನೆಟ್ಟಗೆ, ಹೊಸದರಂತೆಯೇ ಕಾಣುತ್ತಿತ್ತು. ಕಟ್ಟಿ ಮುಗಿಸಿದ ಸಂಜೆ ಹೆಬ್ಬೆರಳಿಟ್ಟು ಸುಮ್ಮನೆ ಒತ್ತಿದೆ. ಒಣಗಿದ ಹಪ್ಪಳ ಮುರಿದಂತೆ ಎಳೆಗಳು ಚಟಚಟನೆ ಹರಿದು ಬೆರಳು ಆಚೆ ಹೋಯಿತು. ಸುತ್ತಲೂ ಒತ್ತಿ ನೋಡಿದಾಗ, ಹಿಂದಿನ ಮನೆಯಲ್ಲಿ ಬೇವಿನ ನೆರಳಿಗಿದ್ದ ಬದಿಯ ಬಲೆ ಗಟ್ಟಿಯಾಗಿಯೇ ಇತ್ತು, ಮಧ್ಯಾಹ್ನದ ಬಿಸಿಲಿಗೆ ಮುಖ ಮಾಡಿದ ಬದಿಯಷ್ಟೇ ಸುಟ್ಟುಹೋಗಿತ್ತು. ಪ್ಲಾಸ್ಟಿಕ್ ಎಳೆಯನ್ನು ಬಿಸಿಲು ತಿನ್ನುವುದು ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಹಳೆಯದನ್ನು ಕೊಳ್ಳುವುದಾದರೆ ಕಬ್ಬಿಣವನ್ನಷ್ಟೇ ಕೊಳ್ಳುತ್ತಿದ್ದೇವೆಂದು ಭಾವಿಸಿ. ಬಲೆ, ಮೆತ್ತೆ, ಜಿಗಿಯುವ ಹಾಸು ಈ ಮೂರನ್ನೂ ಅದೇ ಅಳತೆಯಲ್ಲಿ ಹೊಸದಾಗಿ ತರಿಸಲು ಸಾಧ್ಯವೇ ಎಂದು ಮೊದಲು ವಿಚಾರಿಸಿ. ಸಾಧ್ಯವಿಲ್ಲವಾದರೆ ಬಿಟ್ಟುಬಿಡಿ.

ಸೂಟಿಗೆ ಎಂಟು ಮಕ್ಕಳು ಸೇರುತ್ತಾರೆ. ಒಬ್ಬೊಬ್ಬರೇ ಜಿಗಿಯಬೇಕೆಂಬ ನಿಯಮ ಅತಿಯಾಯಿತಲ್ಲವೇ?

ಈ ಪುಟದಲ್ಲಿ ಒಂದೇ ಉತ್ತರವನ್ನು ಓದಲು ನಿಮಗೆ ಪುರುಸೊತ್ತಿದ್ದರೆ ಇದನ್ನು ಓದಿ. ಟ್ರ್ಯಾಂಪೊಲಿನ್ ಗಾಯಗಳಲ್ಲಿ ಸುಮಾರು ಮುಕ್ಕಾಲು ಪಾಲು, ಒಬ್ಬರಿಗಿಂತ ಹೆಚ್ಚು ಜನ ಒಟ್ಟಿಗೆ ಜಿಗಿಯುವಾಗ ಆದವು ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆಯ ಆ 2012ರ ಹೇಳಿಕೆ ದಾಖಲಿಸಿದೆ. ಅಂಥ ಸಂದರ್ಭದಲ್ಲಿ ಗುಂಪಿನ ಅತಿ ಚಿಕ್ಕ ಮಗುವಿಗೆ ಪೆಟ್ಟಾಗುವ ಸಂಭವ ಜೊತೆಗಿರುವ ಭಾರದವರಿಗಿಂತ 14 ಪಟ್ಟು ಹೆಚ್ಚಿರಬಹುದೆಂದೂ ಹೇಳಿದೆ.

ಇದಕ್ಕೆ ಕಾರಣ ಮಕ್ಕಳ ತುಂಟತನವಲ್ಲ, ಹಾಸಿನ ಗುಣವೇ ಅಂಥದು. ಐವತ್ತು ಕಿಲೋ ತೂಕದ ಅಣ್ಣ ಹಾಸಿನ ಮೇಲೆ ಇಳಿದಾಗ ಹಾಸು ಆಳಕ್ಕೆ ತಗ್ಗಿ, ಆತನ ಭಾರಕ್ಕೆ ತಕ್ಕ ಶಕ್ತಿಯನ್ನು ಸ್ಪ್ರಿಂಗುಗಳಲ್ಲಿ ತುಂಬಿಕೊಳ್ಳುತ್ತದೆ. ಅದು ಮೇಲಕ್ಕೆ ಮರಳುವ ಕ್ಷಣದಲ್ಲಿ ಹದಿನೆಂಟು ಕಿಲೋದ ತಂಗಿ ಅಲ್ಲಿ ಕಾಲೂರಿದ್ದರೆ ಅಣ್ಣನಿಗೆ ಸಲ್ಲಬೇಕಾದ ಶಕ್ತಿಯ ಒಂದು ಪಾಲು ಆಕೆಗೆ ಸಲ್ಲುತ್ತದೆ, ಆಕೆ ತಾನೆಂದೂ ಜಿಗಿಯದ ಎತ್ತರಕ್ಕೆ ಚಿಮ್ಮುತ್ತಾಳೆ. ಆಕೆ ಕೆಳಗಿಳಿಯುತ್ತಿರುವಾಗಲೇ ಹಾಸು ಮೇಲೇಳುತ್ತಿದ್ದರೆ ಇನ್ನೂ ಕೆಟ್ಟದ್ದು. ಮೆತ್ತಗಿರಬೇಕಾದ ಹಾಸು ಆ ಗಳಿಗೆಯಲ್ಲಿ ಗಟ್ಟಿ ನೆಲದಂತೆ ಎದುರು ಬಂದು ಕಾಲಿಗೆ ಬಡಿಯುತ್ತದೆ. ಚಿಕ್ಕ ಮಕ್ಕಳಲ್ಲಿ ಮೊಣಕಾಲಿನ ಕೆಳಗಿನ ಮೂಳೆ ಹೀಗೆಯೇ ಮುರಿಯುವುದರಿಂದ ವೈದ್ಯರು ಅದಕ್ಕೆ ‘ಟ್ರ್ಯಾಂಪೊಲಿನ್ ಮುರಿತ’ ಎಂದೇ ಹೆಸರಿಟ್ಟಿದ್ದಾರೆ. ತಂದೆಯೋ ತಾಯಿಯೋ ಮಗುವಿನ ಕೈ ಹಿಡಿದು ಜೊತೆಗೆ ಜಿಗಿಯುವುದು ಪ್ರೀತಿಯಂತೆ ಕಂಡರೂ ತೂಕದ ಅಂತರ ಅಲ್ಲೇ ಅತಿ ಹೆಚ್ಚು ಎಂಬುದನ್ನು ಮರೆಯಬಾರದು.

ಇನ್ನು ಎಂಟು ಮಕ್ಕಳನ್ನು ಸಂಭಾಳಿಸುವ ಬಗೆ. ನಮ್ಮ ಓಣಿಯ ಒಬ್ಬ ಅಜ್ಜಿ ಸಂಜೆ ಕುರ್ಚಿ ಹಾಕಿಕೊಂಡು ಏಣಿಯ ಪಕ್ಕದಲ್ಲೇ ಕೂರುತ್ತಾರೆ. ಪ್ರತಿ ಮಗುವಿಗೂ ನೂರು ಎಣಿಸುವವರೆಗೆ ಪಾಳಿ. ಎಣಿಸುವ ಕೆಲಸ ಕಾಯುತ್ತಿರುವ ಮಕ್ಕಳದ್ದೇ. ‘ಒಬ್ಬಾಕಿ ಇಳಿದ ಮ್ಯಾಲ ಇನ್ನೊಬ್ಬಾಕಿ ಹತ್ತಬೇಕು, ನಡುವ ಯಾರೂ ಕಾಲ ಇಡಬ್ಯಾಡ್ರಿ’ ಎಂಬ ಒಂದೇ ಮಾತನ್ನು ಅವರು ಸಂಜೆಗೆ ಇಪ್ಪತ್ತು ಸಲ ಹೇಳುತ್ತಾರೆ. ದೊಡ್ಡವರು ಎದುರಿಗೆ ಇದ್ದಾಗಲೂ ಗಾಯಗಳಾಗಿವೆ. ಹಾಗಾಗಿ ಇರುವುದಷ್ಟೇ ಸಾಲದು, ಮೊಬೈಲು ಬದಿಗಿಟ್ಟು ನೋಡುತ್ತಿರಬೇಕು, ತಡೆಯಬೇಕು. ಹೀಗೆ ಕೂರುವವರು ನಿಮ್ಮ ಮನೆಯಲ್ಲಿ ಯಾರೂ ಇಲ್ಲವಾದರೆ ಟ್ರ್ಯಾಂಪೊಲಿನ್ ಬೇಡವೆಂದು ನಾನು ನೇರವಾಗಿಯೇ ಹೇಳುತ್ತೇನೆ.

ನಾಲ್ಕು ವರ್ಷದ ಮಗುವನ್ನು ಹತ್ತಿಸಬಹುದೇ?

6 ವರ್ಷ ತುಂಬದ ಮಕ್ಕಳನ್ನು ಪೂರ್ಣ ಗಾತ್ರದ ಟ್ರ್ಯಾಂಪೊಲಿನ್ ಮೇಲೆ ಬಿಡಬಾರದು ಎಂಬುದರಲ್ಲಿ ತಜ್ಞರಿಗೆ ಭಿನ್ನಾಭಿಪ್ರಾಯವಿಲ್ಲ. ಅವರ ಮೂಳೆ ಇನ್ನೂ ಎಳೆಯದು, ಮೈಯ ಸಮತೋಲ ಕೂಡಿಬಂದಿರುವುದಿಲ್ಲ. ಆಟ ಮುಗಿದ ಕೂಡಲೇ ಏಣಿಯನ್ನು ಕಳಚಿ ಒಳಗಿಡಿ. ಇಲ್ಲವಾದರೆ ಮಧ್ಯಾಹ್ನ ದೊಡ್ಡವರು ಮಲಗಿದಾಗ ಆ ನಾಲ್ಕು ವರ್ಷದ ಮಗು ತಾನಾಗಿಯೇ ಹತ್ತುತ್ತದೆ. ಒಬ್ಬರು ಜಿಗಿಯುವಾಗ ಕೆಳಗೆ ನುಸುಳಿ ಅಡಗಿ ಕೂರುವುದೂ ಈ ವಯಸ್ಸಿನವರೇ, ಆದ್ದರಿಂದ ಸುತ್ತಲೂ ಕೆಳಗಡೆ ಒಂದು ಬಲೆ ಕಟ್ಟಿ ಮುಚ್ಚಿಬಿಡುವುದು ಒಳ್ಳೆಯದು.

ಪಲ್ಟಿ ಹೊಡೆಯಲು ಕಲಿಸಬಹುದೇ?

ಮನೆಯಲ್ಲಿ ಕೂಡದು. ಕುತ್ತಿಗೆಯ ಮೂಳೆಗೆ ಪೆಟ್ಟಾಗಿ ಜೀವಮಾನವಿಡೀ ಉಳಿಯುವ ಊನಕ್ಕೆ ಮುಖ್ಯ ಕಾರಣಗಳಲ್ಲಿ ಪಲ್ಟಿಯೂ ಒಂದು. ಆಸಕ್ತಿಯಿರುವ ಮಗುವನ್ನು ಜಿಮ್ನಾಸ್ಟಿಕ್ಸ್ ತರಬೇತುದಾರರ ಬಳಿಗೆ ಕಳುಹಿಸಿ.

ಗುಂಡಿ ತೋಡಿ ನೆಲದ ಮಟ್ಟಕ್ಕೆ ಕೂರಿಸಿದರೆ ಬೀಳುವ ಭಯವೇ ಇರುವುದಿಲ್ಲವಲ್ಲ?

ಎತ್ತರದಿಂದ ಬೀಳುವ ಭಯ ತಗ್ಗುತ್ತದೆ, ಹಾಸಿನ ಮೇಲೆಯೇ ಆಗುವ ಪೆಟ್ಟುಗಳು ತಗ್ಗುವುದಿಲ್ಲ. ನಮ್ಮ ಭಾಗದಲ್ಲಿ ಇದಕ್ಕೆ ಮಣ್ಣಿನ ತೊಡಕೂ ಉಂಟು. ಹುಬ್ಬಳ್ಳಿಯ ಪೂರ್ವಕ್ಕೆ, ನವಲಗುಂದ-ಗದಗಗಳ ಕಡೆಗೆ ಇರುವುದು ಎರೆ ಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟು, ಮಳೆಗೆ ಉಬ್ಬಿ, ಗುಂಡಿಯ ಗೋಡೆಯನ್ನು ಒಳಕ್ಕೆ ತಳ್ಳುತ್ತದೆ, ನೀರೂ ಇಂಗುವುದಿಲ್ಲ. ಕಲ್ಲಿನ ಗೋಡೆ ಕಟ್ಟಿ ನೀರು ಹರಿದುಹೋಗಲು ದಾರಿ ಮಾಡದೆ ಈ ಕೆಲಸಕ್ಕೆ ಕೈ ಹಾಕಿದರೆ ಸೊಳ್ಳೆಯ ಹೊಂಡ ತೋಡಿದಂತಾಗುತ್ತದೆ. ಧಾರವಾಡದ ಪಶ್ಚಿಮದ ಕೆಂಪು ನೆಲದಲ್ಲಿ ಇಷ್ಟು ಕಷ್ಟವಿಲ್ಲ.

ಏಪ್ರಿಲ್-ಮೇ ಬಿಸಿಲಿನಲ್ಲಿ ಯಾವ ಹೊತ್ತು ಆಡಿಸಬೇಕು?

ಬೆಳಿಗ್ಗೆ ಒಂಬತ್ತರ ಒಳಗೆ, ಸಂಜೆ ಐದರ ಮೇಲೆ. ಕಪ್ಪು ಹಾಸು ಬಿಸಿಲಿಗೆ ಕಾದು ಬರಿಗಾಲನ್ನು ಸುಡುತ್ತದೆ. ಹತ್ತಿಸುವ ಮುನ್ನ ನಿಮ್ಮ ಅಂಗೈಯನ್ನು ಹಾಸಿನ ಮೇಲಿಟ್ಟು ಹತ್ತು ಎಣಿಸಿ, ಇರಿಸಲಾಗದಿದ್ದರೆ ಮಕ್ಕಳನ್ನೂ ಬಿಡಬೇಡಿ. ನೀರೆರಚಿ ತಣ್ಣಗೆ ಮಾಡಿದರೆ ಜಾರುತ್ತದೆ. ಬಳೆ, ಉಡಿದಾರ, ಕೊರಳ ಸರ, ಉದ್ದನೆಯ ದುಪಟ್ಟಾ ತೆಗೆಸಿಯೇ ಹತ್ತಿಸಿ.

ಮೇ ತಿಂಗಳ ಗಾಳಿಗೆ ಹಾರಿಹೋಗುವುದೇ?

ಖಂಡಿತವಾಗಿ ಹಾರಬಹುದು. ಬಲೆ ಸಮೇತ ನಲವತ್ತರಿಂದ ಅರವತ್ತು ಕಿಲೋ ತೂಗಿದರೂ ಅದರ ಅಗಲಕ್ಕೆ ಗಾಳಿಯ ಎದುರು ಅದು ಹಡಗಿನ ಹಾಯಿಯಂತೆ ವರ್ತಿಸುತ್ತದೆ. ಅಡ್ಡಮಳೆಗೆ ಮುಂಚೆ ಏಳುವ ಧೂಳಿನ ಬಿರುಗಾಳಿಯನ್ನು ಕಂಡವರಿಗೆ, ಕಪ್ಪತಗುಡ್ಡದ ಆಸುಪಾಸಿನಲ್ಲಿ ಗಾಳಿಯಂತ್ರಗಳು ಸಾಲಾಗಿ ನಿಂತಿರುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೆಲಕ್ಕೆ ತಿರುಚಿ ಇಳಿಸುವ ಗೂಟಗಳು ಬಿರುಕುಬಿಟ್ಟ ಎರೆ ನೆಲದಲ್ಲಿ ಹಿಡಿತ ಕಳೆದುಕೊಳ್ಳುವುದರಿಂದ, ಪ್ರತಿ ಕಾಲಿನ ಬುಡದ ಅಡ್ಡಪೈಪಿನ ಮೇಲೆ ಮರಳು ತುಂಬಿದ ಚೀಲಗಳನ್ನೂ ಹೇರಿ. ಪಡುವಣದಲ್ಲಿ ಮೋಡ ಕಪ್ಪಾದರೆ ಮಕ್ಕಳನ್ನು ಇಳಿಸಿ, ಬಲೆಯನ್ನು ಕೆಳಕ್ಕೆ ಬಿಚ್ಚಿ. ಕಬ್ಬಿಣದ ಚೌಕಟ್ಟಿನ ಮೇಲೆ ಗುಡುಗು-ಸಿಡಿಲಿನ ಹೊತ್ತಿನಲ್ಲಿ ಯಾರೂ ಇರಬಾರದು.

ಮಗು ಬಿದ್ದರೆ ಮೊದಲು ಏನು ಮಾಡಬೇಕು?

ತಲೆ ಅಥವಾ ಕುತ್ತಿಗೆಯ ಮೇಲೆ ಬಿದ್ದಿದ್ದರೆ, ಕುತ್ತಿಗೆ ನೋಯುತ್ತದೆ, ಕೈಕಾಲು ಜೋಮು ಹಿಡಿದಿದೆ ಎಂದರೆ, ಎತ್ತಿ ಕೂರಿಸಬೇಡಿ, ನೀರು ಕುಡಿಸಬೇಡಿ. ಅಲುಗದಂತೆ ಇದ್ದಲ್ಲಿಯೇ ಮಲಗಿಸಿಟ್ಟು 108ಕ್ಕೆ ಕರೆ ಮಾಡಿ. ಉಳಿದ ಮಕ್ಕಳು ಹಾಸಿನ ಮೇಲಿದ್ದರೆ ಅದನ್ನು ಅಲುಗಿಸದೆ ನಿಧಾನವಾಗಿ ಇಳಿಯಲಿ. ಪ್ರಜ್ಞೆ ತಪ್ಪಿದ್ದರೆ, ಪದೇ ಪದೇ ವಾಂತಿಯಾದರೆ ತಡಮಾಡಬೇಡಿ. ಕೈಕಾಲಿನ ಪೆಟ್ಟಿಗೆ ಎಣ್ಣೆ ಹಚ್ಚಿ ತಿಕ್ಕುವುದು, ಮೂಳೆ ಕೂರಿಸುವವರ ಬಳಿ ಪಟ್ಟು ಹಾಕಿಸುವುದು ನಮ್ಮಲ್ಲಿ ಇಂದಿಗೂ ನಡೆದಿದೆ. ಬೆಳೆಯುವ ಮೂಳೆಯ ತುದಿಗೆ ಪೆಟ್ಟಾಗಿದ್ದರೆ ಇದರಿಂದ ಕಾಲು ಡೊಂಕಾಗಿ ಬೆಳೆಯುವ ಅಪಾಯವಿದೆ. ಊತವಿಲ್ಲದಿದ್ದರೂ ಮಗು ಕಾಲೂರಲು ಒಪ್ಪದಿದ್ದರೆ ಅಂದೇ ಎಕ್ಸ್-ರೇ ತೆಗೆಸಿ.

ಸೂಟಿ ಮುಗಿದ ಮೇಲೆ ಅದನ್ನು ಏನು ಮಾಡಬೇಕು?

ಮಿರಗ ಮಳೆ ಹಿಡಿಯುವ ಮೊದಲು, ಅಂದರೆ ಜೂನ್ ಮೊದಲ ವಾರದೊಳಗೆ, ಬಿಚ್ಚಿ ಒಳಗಿಡಿ. ಬಲೆ ಮತ್ತು ಹಾಸನ್ನು ಪೂರ್ತಿ ಒಣಗಿಸಿ, ಸುತ್ತಿ, ಇಲಿ-ಹೆಗ್ಗಣ ಹೋಗದ ತಗಡಿನ ಪೆಟ್ಟಿಗೆಯಲ್ಲಿ ಹಾಕಿ. ಇಲಿ ಕಡಿದ ಒಂದು ತೂತು ಮುಂದಿನ ಬೇಸಿಗೆಗೆ ಮಗುವಿನ ತಲೆ ತೂರುವಷ್ಟಾಗಬಲ್ಲದು. ಸ್ಪ್ರಿಂಗುಗಳನ್ನು ಎಣಿಸಿ ಡಬ್ಬಿಯಲ್ಲಿಡಿ, ಒಂದು ಕಡಿಮೆಯಾದರೂ ಹಾಸು ಓರೆಯಾಗಿ ಪುಟಿಯುತ್ತದೆ. ನಾಗರ ಪಂಚಮಿಗೆ ಜೋಕಾಲಿ ಕಟ್ಟುವಾಗ ಹಳೆಯ ಹಗ್ಗವನ್ನು ಹಿರಿಯರಿಬ್ಬರು ಜಗ್ಗಿ ನೋಡಿ, ಕೊಂಬೆಗೆ ತಾವೇ ಒಮ್ಮೆ ಜೋತುಬಿದ್ದು, ಆಮೇಲಷ್ಟೇ ಹುಡುಗಿಯರನ್ನು ಜೀಕಲು ಬಿಡುತ್ತಾರಲ್ಲ, ಮುಂದಿನ ಏಪ್ರಿಲ್‌ನಲ್ಲಿ ಟ್ರ್ಯಾಂಪೊಲಿನ್ ಕಟ್ಟಿದ ದಿನವೂ ಹಾಗೆಯೇ ಪ್ರತಿ ಕೊಕ್ಕೆ, ಪ್ರತಿ ಬೆಸುಗೆ, ಬಲೆಯ ಪ್ರತಿ ಬದಿಯನ್ನೂ ಒತ್ತಿ, ಜಗ್ಗಿ ನೋಡಿ. ಬಿಸಿಲಿಗೆ ಮುಖ ಮಾಡಿದ್ದ ಬದಿಯಿಂದ ಶುರು ಮಾಡಿ.